ಕ್ಷಾಮದ ಗಂಜಿಯೂ ತನಿಖೆಯ ಲೆಕ್ಕವೂ

ಧಾತು, ಈಶ್ವರ ಎಂಬುವು ಅರವತ್ತು ಸಂವತ್ಸರಗಳ ಪೈಕಿ ಎರಡು ಹೆಸರುಗಳು ಮಾತ್ರ. ಆದರೆ ಹಳೆಯ ಮೈಸೂರಿನ ಮನೆಗಳಲ್ಲಿ ಬಹುಕಾಲದವರೆಗೆ ಹಿರಿಯರು ಈ ಹೆಸರುಗಳನ್ನು ಸುಮ್ಮನೆ ಎತ್ತುತ್ತಿರಲಿಲ್ಲ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಹಿಂದೂಸ್ಥಾನವನ್ನು ಸುಟ್ಟ ಮಹಾಕ್ಷಾಮವು ಈ ಎರಡು ಸಂವತ್ಸರಗಳಲ್ಲಿಯೇ ಬಂದೊದಗಿತು. ೧೮೭೧ರ ಜನಗಣತಿಯಲ್ಲಿ ಮೈಸೂರು ಸೀಮೆಯ ಪ್ರಜೆಗಳು ೫೦,೫೫,೪೧೨ ಮಂದಿ. ೧೮೮೧ರ ಗಣತಿಯಲ್ಲಿ ೪೧,೮೬,೧೮೮ ಮಂದಿ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷದ ಅರವತ್ತೊಂಬತ್ತು ಸಾವಿರಕ್ಕೆ ಮಿಕ್ಕು ಕುಗ್ಗಿಹೋಯಿತು. ಮತ್ತೆ ಹತ್ತು ವರ್ಷ ಕಳೆದು ೧೮೯೧ರಲ್ಲಿ ಎಣಿಸಿದಾಗಲೂ ೧೮೭೧ರ ಸಂಖ್ಯೆಯನ್ನು ನಾವು ಮುಟ್ಟಿರಲಿಲ್ಲ.

ಈ ಕ್ಷಾಮದ ಕರುಣಕಥೆಯನ್ನು ಅನೇಕರು ಹೇಳಿರುವರು. ನಾವು ಇಲ್ಲಿ ಹೇಳಹೊರಟಿರುವುದು ಅದರ ಒಂದು ಮೂಲೆಯ ವಿಷಯವನ್ನು, ಅಂದರೆ ಕಚೇರಿಯ ವಿಷಯವನ್ನು. ಹಸಿದವರಿಗೆ ಸರ್ಕಾರವು ಅನ್ನವಿಡಲು ಹೊರಟಾಗ, ಆ ಅನ್ನವು ಸಲ್ಲಬೇಕಾದವರಿಗೆ ಸಲ್ಲಿತೆ ಎಂಬುದನ್ನು ಯಾರು ನೋಡಿದರು, ಹೇಗೆ ನೋಡಿದರು, ಯಾವ ತಪ್ಪನ್ನು ತಪ್ಪೆಂದು ಎಣಿಸಿದರು ಎಂಬುದೇ ನಮ್ಮ ಪ್ರಶ್ನೆ. ಇದು ಕೇವಲ ಗುಮಾಸ್ತರ ಪ್ರಶ್ನೆಯೆಂದು ತಳ್ಳಿಬಿಡುವಂತಿಲ್ಲ. ಈ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆಯೇ ಲಕ್ಷಾಂತರ ಜನರ ಅಳಿವು ಉಳಿವು ನಿಂತಿದ್ದಿತು.

ದಾನದ ವಿಷಯದಲ್ಲಿ ನಮ್ಮ ಹಿರಿಯರು ಒಂದು ದೋಷಕ್ಕೆ ಹೆಸರಿಟ್ಟಿರುವರು: ಅಪಾತ್ರದಾನ. ಯೋಗ್ಯನಲ್ಲದವನಿಗೆ ಕೊಡುವುದು ತಪ್ಪೆಂದು ಆ ಒಂದು ಮಾತೇ ಸಾರುತ್ತದೆ. ಆದರೆ ಯೋಗ್ಯನಾದವನು ಬಾಗಿಲಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದರೆ, ಅಥವಾ ಬಾಗಿಲವರೆಗೂ ಬರಲಾರದೆ ದಾರಿಯಲ್ಲಿಯೇ ಬಿದ್ದುಹೋದರೆ, ಆ ದೋಷಕ್ಕೆ ನಮ್ಮಲ್ಲಿ ಅಷ್ಟು ಬಳಕೆಯಾದ ಒಂದು ಹೆಸರಿಲ್ಲ. ಹೆಸರಿಲ್ಲದ್ದು ಲೆಕ್ಕಕ್ಕೂ ಸಿಕ್ಕುವುದಿಲ್ಲ. ಅಪಾತ್ರನು ಉಂಡುಹೋದರೆ ಖರ್ಚಿನ ಪುಸ್ತಕದಲ್ಲಿ ಒಂದು ಗೆರೆ ಉಳಿಯುತ್ತದೆ. ಪಾತ್ರನಾದವನು ಉಣ್ಣದೆ ಹೋದರೆ ಯಾವ ಪುಸ್ತಕದಲ್ಲಿಯೂ ಏನೂ ಉಳಿಯುವುದಿಲ್ಲ. ಕ್ಷಾಮಪರಿಹಾರದ ಚರಿತ್ರೆಯೆಲ್ಲ ಈ ಎರಡು ತಪ್ಪುಗಳ ನಡುವೆ ತೂಗಾಡಿದ ಚರಿತ್ರೆ ಎಂದರೆ ತಪ್ಪಾಗಲಾರದು.

ಇದನ್ನು ತಿಳಿಯಲು ಮೊದಲು ನಾವು ಉತ್ಕಲಕ್ಕೂ ಬಿಹಾರಕ್ಕೂ ಹೋಗಬೇಕಾಗಿದೆ; ಏಕೆಂದರೆ ದಕ್ಷಿಣದಲ್ಲಿ ೧೮೭೭ರಲ್ಲಿ ನಡೆದುದರ ಬೀಜ ಅಲ್ಲಿದೆ. ೧೮೬೬ರಲ್ಲಿ ಒರಿಸ್ಸಾದಲ್ಲಿ ಕ್ಷಾಮ ಬಿದ್ದಾಗ ಅಧಿಕಾರಿಗಳು ಅದನ್ನು ಸಕಾಲದಲ್ಲಿ ನಂಬಲಿಲ್ಲ. ವರ್ತಕರೇ ಧಾನ್ಯ ತರುವರೆಂದು ಕಾದರು. ಮಳೆಗಾಲ ಹಿಡಿದ ಮೇಲೆ ಕಡಲಿನ ದಾರಿಯೂ ನೆಲದ ದಾರಿಯೂ ಮುಚ್ಚಿಹೋದುವು. ಸುಮಾರು ಹತ್ತು ಲಕ್ಷ ಮಂದಿ, ಎಂದರೆ ಆ ಪ್ರಾಂತದ ಮೂವರಲ್ಲಿ ಒಬ್ಬರು, ಅಳಿದರೆಂದು ಎಣಿಕೆ. ಜಾರ್ಜ್ ಕ್ಯಾಂಪ್‌ಬೆಲ್ಲರ ನೇತೃತ್ವದಲ್ಲಿ ವಿಚಾರಣೆ ನಡೆದು, ಸರ್ಕಾರದ ಅಲಕ್ಷ್ಯವು ಎಲ್ಲರ ಕಣ್ಣಿಗೂ ಬಿದ್ದಿತು. ಕೊಡದೆ ಹೋದ ತಪ್ಪು ಇಷ್ಟು ದೊಡ್ಡದಾಗಿ ಬಯಲಿಗೆ ಬಂದುದು ಅಪರೂಪದ ಸಂಗತಿ.

ಅದರ ನೆನಪು ಮಾಸುವ ಮೊದಲೇ ೧೮೭೩ರ ಕೊನೆಯಲ್ಲಿ ಬಿಹಾರದಲ್ಲಿ ಮಳೆ ತಪ್ಪಿತು. ಈ ಸಲ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಪರಿಹಾರದ ಹೊಣೆ ಹೊತ್ತನು. ಬರ್ಮಾದಿಂದ ಹಡಗು ಹಡಗುಗಳಲ್ಲಿ ಅಕ್ಕಿ ಬಂದಿತು. ಕೇಳಿದವರಿಗೆಲ್ಲ ಕೆಲಸ, ಕೆಲಸಮಾಡಲಾರದವರಿಗೆ ಅನ್ನ. ಹಸಿವಿನಿಂದ ಸತ್ತವರು ಬಲು ಕಡಿಮೆ. ಇದನ್ನು ಕಂಡು ಲೋಕವು ಟೆಂಪಲ್ಲನನ್ನು ಕೊಂಡಾಡಬೇಕಾಗಿದ್ದಿತು. ಆದರೆ ನಡೆದುದು ಬೇರೆ. ಖರ್ಚು ಆರು ಕೋಟಿ ರೂಪಾಯಿಗಳಿಗೂ ಮಿಕ್ಕಿತು. ತಂದ ಅಕ್ಕಿಯಲ್ಲಿ ಒಂದು ಭಾಗ ಉಳಿದು ನಷ್ಟಕ್ಕೆ ಮಾರಬೇಕಾಯಿತು. ಇದನ್ನು ಹಿಡಿದು ಇಂಗ್ಲೆಂಡಿನ ಪತ್ರಿಕೆಗಳೂ ಮೇಲಧಿಕಾರಿಗಳೂ ದುಂದುಗಾರನೆಂದು ಅವನನ್ನು ಜರೆದರು. ಉಳಿದ ಅಕ್ಕಿಯು ಗೋದಾಮಿನಲ್ಲಿ ಕಣ್ಣಿಗೆ ಕಾಣುತ್ತಿದ್ದಿತು. ಉಳಿದ ಪ್ರಾಣಗಳನ್ನು ಯಾರೂ ಎಣಿಸಿ ಗೋದಾಮಿನಲ್ಲಿಟ್ಟಿರಲಿಲ್ಲ.

ಎರಡು ವರ್ಷಗಳ ತರುವಾಯ ನಮ್ಮ ಕಡೆಯ ಸರದಿ ಬಂದಿತು. ೧೮೭೬ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟುವು. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಿತು. ಬಳ್ಳಾರಿ ಮದರಾಸು ಆಧಿಪತ್ಯದಲ್ಲಿ. ಬೆಳಗಾಂವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೊಂಬಾಯಿ ಆಧಿಪತ್ಯದಲ್ಲಿ. ಮೈಸೂರು ಇಂಗ್ಲಿಷ್ ಕಮಿಷನರ ಕೈಯಲ್ಲಿ. ಬರ ಒಂದೇ, ಗಡಿಗಳು ಬೇರೆ. ೧೮೭೭ರ ಜನವರಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ನನು ಅದೇ ಟೆಂಪಲ್ಲನನ್ನು ದಕ್ಷಿಣಕ್ಕೆ ತನ್ನ ಪ್ರತಿನಿಧಿಯಾಗಿ ಕಳುಹಿಸಿದನು. ಮಿತವ್ಯಯವೇ ಅವನಿಗಿತ್ತ ಮುಖ್ಯ ಸೂಚನೆ. ಬಿಹಾರದಲ್ಲಿ ಕೈ ಬಿಚ್ಚಿ ಕೊಟ್ಟು ನಿಂದೆ ಪಡೆದಿದ್ದವನು ಈಗ ಕೈ ಬಿಗಿಹಿಡಿದನು. ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಕೊಂಚ ಕಾಸು. ಅಷ್ಟರಲ್ಲಿ ಜೀವ ಹಿಡಿಯಬಹುದು, ಪ್ರಯೋಗ ಮಾಡಿ ನೋಡೋಣ, ಎಂಬುದು ಅವನ ವಾದ. ಹಾಜರಿ ಪಟ್ಟಿಗಳನ್ನು ಜಾಲಾಡಿ, ಇವರಿಗೆ ಪರಿಹಾರ ಬೇಕಾಗಿಲ್ಲ ಎಂದು ತೋರಿದವರ ಹೆಸರುಗಳನ್ನು ತೆಗೆಸಿದನು. ಪಟ್ಟಿಗಳು ಕಿರಿದಾದುವು, ಖರ್ಚು ಇಳಿಯಿತು. ಕಾಗದದ ಮೇಲೆ ತನಿಖೆ ಸಫಲವಾಯಿತು.

ಆ ಕಾಲದ ತನಿಖೆಯನ್ನು ನಾವು ಸುಮ್ಮನೆ ಹಳಿಯುವಂತಿಲ್ಲ. ಸಾವಿರಾರು ಕೂಲಿಗಳ ಹಾಜರಿಯನ್ನು ಬರೆಯುವವರು ಇಲ್ಲದ ಹೆಸರುಗಳನ್ನು ಸೇರಿಸಬಹುದು. ಗಂಜಿಯ ಕೇಂದ್ರದಲ್ಲಿ ಅಳತೆಯ ಸೇರು ಕಿರಿದಾಗಬಹುದು, ನೀರು ಹೆಚ್ಚಾಗಬಹುದು, ಧಾನ್ಯದ ಮೂಟೆ ಹಿಂಬಾಗಿಲಿನಿಂದ ಹೊರಬೀಳಬಹುದು. ಬೇಲಿಯೇ ಎದ್ದು ಹೊಲ ಮೇಯುವುದು ಕ್ಷಾಮಕಾಲದಲ್ಲಿ ಹೊಸದಲ್ಲ. ಇಂತಹ ಮೋಸವನ್ನು ತಡೆಯುವುದು ಹಸಿದವನ ಹಿತಕ್ಕೇ ಆಗಿದೆ. ಏಕೆಂದರೆ ಕದ್ದ ಮೂಟೆ ಅವನ ಮೂಟೆ. ಆದುದರಿಂದ ತನಿಖೆ ಬೇಕೆ ಬೇಡವೆ ಎಂಬುದು ಪ್ರಶ್ನೆಯೇ ಅಲ್ಲ. ತನಿಖೆಯ ಕಣ್ಣು ಯಾವ ಕಡೆಗೆ ತಿರುಗಿದೆ ಎಂಬುದು ಪ್ರಶ್ನೆ.

ಆ ಕಣ್ಣನ್ನು ಇನ್ನೊಂದು ಕಡೆಗೆ ತಿರುಗಿಸಿದವನು ಒಬ್ಬ ವೈದ್ಯ. ಮದರಾಸಿನ ಆರೋಗ್ಯ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಷನು ಟೆಂಪಲ್ಲನ ಕೂಲಿಯನ್ನು ಬಲವಾಗಿ ವಿರೋಧಿಸಿದನು. ಅವನ ವಾದದ ಸಾರ ಇಷ್ಟು: ಸೆರೆಮನೆಯಲ್ಲಿ ದುಡಿಯುವ ಕೈದಿಗೂ ಇದಕ್ಕಿಂತ ಹೆಚ್ಚಿನ ಆಹಾರ ಸಲ್ಲುತ್ತದೆ; ಬರಿಯ ಧಾನ್ಯದಿಂದ ದುಡಿಯುವ ದೇಹವು ನಿಲ್ಲಲಾರದು, ಬೇಳೆಕಾಳೂ ತರಕಾರಿಯೂ ಬೇಕು; ಕೊರತೆಯ ಊಟದ ಫಲವು ಒಂದು ದಿನದಲ್ಲಿ ಕಾಣುವುದಿಲ್ಲ, ಕಂಡಾಗ ತಿದ್ದುವ ಕಾಲ ಮೀರಿರುತ್ತದೆ. ಟೆಂಪಲ್ಲನು ಪಟ್ಟಿಯನ್ನು ತನಿಖೆ ಮಾಡಿದನು. ಕಾರ್ನಿಷನು ದೇಹಗಳನ್ನೂ ಮರಣದ ಲೆಕ್ಕವನ್ನೂ ತನಿಖೆ ಮಾಡಿದನು. ಇಬ್ಬರೂ ಒಂದೇ ಶಿಬಿರಗಳನ್ನು ನೋಡಿದರು, ಆದರೆ ಕಂಡುದು ಬೇರೆ ಬೇರೆ. ಕೊನೆಗೆ ೧೮೭೭ರ ಮೇ ತಿಂಗಳಲ್ಲಿ ಮದರಾಸು ಸರ್ಕಾರವು ಕೂಲಿಯನ್ನು ಏರಿಸಿತು. ಆ ನಾಲ್ಕು ತಿಂಗಳುಗಳ ಪ್ರಯೋಗದ ಬೆಲೆಯನ್ನು ತೆತ್ತವರು ಪ್ರಯೋಗ ಮಾಡಿದವರಲ್ಲ. ಬೊಂಬಾಯಿ ಆಧಿಪತ್ಯದಲ್ಲಿಯಂತೂ ಇಳಿಸಿದ ಕೂಲಿಯನ್ನು ಒಪ್ಪದೆ ಕೂಲಿಗಾರರು ಗುಂಪು ಗುಂಪಾಗಿ ಕಾಮಗಾರಿಗಳನ್ನು ಬಿಟ್ಟುಹೋದರು. ಹೀಗೆ ಬಿಟ್ಟುಹೋದವರನ್ನು ಕಂಡು, ಇವರಿಗೆ ನಿಜವಾಗಿ ಹಸಿವಿರಲಿಲ್ಲ ಎಂದು ಬರೆದುಕೊಳ್ಳುವುದು ಕಚೇರಿಗೆ ಸುಲಭವಾಗಿದ್ದಿತು.

ಇನ್ನು ಮೈಸೂರಿನ ಮಾತು. ಇಲ್ಲಿಯ ಕಷ್ಟವು ಸ್ವಲ್ಪ ಬೇರೆ ಬಗೆಯದು. ೧೮೬೪ರಿಂದಲೇ ಬೆಂಗಳೂರಿಗೆ ರೈಲು ಬರುತ್ತಿದ್ದುದರಿಂದ ಮದರಾಸಿನ ರೇವಿಗೆ ಇಳಿದ ಧಾನ್ಯವು ಬೆಂಗಳೂರಿನವರೆಗೆ ಬಂದು ಮುಟ್ಟುತ್ತಿದ್ದಿತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವು ನೀರುಗಳಿಲ್ಲದೆ ಎತ್ತುಗಳು ಮನುಷ್ಯರಿಗಿಂತ ಮೊದಲೇ ಸತ್ತಿದ್ದುವು. ಜನರು ಊರು ಬಿಟ್ಟು ಪಟ್ಟಣಗಳ ಕಡೆಗೆ ಹರಿದು ಬಂದರು. ಗಂಜಿಯ ಕೇಂದ್ರಗಳ ಮೇಲೆ ಹೊರಲಾರದ ಹೊರೆ ಬಿದ್ದಿತು. ಅವುಗಳನ್ನು ನೋಡಿಕೊಳ್ಳತಕ್ಕ ಅಧಿಕಾರಿಗಳು ಬೆರಳೆಣಿಕೆಯವರು. ಅಮಲ್ದಾರನು ಕಂದಾಯವನ್ನೂ ನೋಡಬೇಕು, ಕೊಪ್ಪರಿಗೆಯನ್ನೂ ನೋಡಬೇಕು. ಫಲವೇನೆಂದರೆ ನಾವು ಮೊದಲು ಹೇಳಿದ ಎರಡು ತಪ್ಪುಗಳೂ ಒಂದೇ ಅಂಗಳದಲ್ಲಿ ಕೂಡಿದುವು. ದುಡಿಯಬಲ್ಲ ಗಟ್ಟಿಗರು ನಡೆದು ಬಂದು ಗಂಜಿ ಕುಡಿದರು; ನಡೆಯಲಾರದ ಮುದುಕರೂ ಬಾಣಂತಿಯರೂ ಮಕ್ಕಳೂ ಹಳ್ಳಿಯ ಜಗಲಿಗಳಲ್ಲಿ ಉಳಿದರು. ಬಾಗಿಲಲ್ಲಿ ಎಷ್ಟು ಬಿಗಿಯಾಗಿ ತನಿಖೆ ಮಾಡಿದರೂ ಬಾಗಿಲಿಗೆ ಬರಲಾರದವನನ್ನು ಅದು ಕಾಣಲಾರದು.

೧೮೭೭ರ ಸೆಪ್ಟೆಂಬರಿನಲ್ಲಿ ಲಿಟ್ಟನ್ನನು ತಾನೇ ಮೈಸೂರಿಗೆ ಬಂದು ನೋಡಿದನು. ಅದರ ಪರಿಣಾಮವಾಗಿ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯು ಮೈಸೂರಿನ ಕ್ಷಾಮ ಕಮಿಷನರನಾಗಿ ನೇಮಕವಾದನು. ಉತ್ತರದ ಪ್ರಾಂತಗಳಿಂದ ಪರಿಹಾರದ ಅಧಿಕಾರಿಗಳು ಬಂದರು. ಗಟ್ಟಿಗರನ್ನು ಗಂಜಿಯಿಂದ ದೊಡ್ಡ ಕಾಮಗಾರಿಗಳಿಗೆ ಸಾಗಿಸುವುದು, ಅಶಕ್ತರನ್ನು ಬೇರೆಯಾಗಿ ನೋಡುವುದು, ಪ್ರತಿಯೊಂದು ಭಾಗಕ್ಕೂ ಹೊಣೆಗಾರನಾದ ಒಬ್ಬ ಅಧಿಕಾರಿಯನ್ನಿಡುವುದು, ಇವು ಆಗಿನ ಕ್ರಮಗಳು. ಇಂದು ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ನೆನೆಯತಕ್ಕ ಒಂದು ಸಂಗತಿಯುಂಟು: ಆ ದಾರಿಯ ಮಣ್ಣಿನ ಕೆಲಸವು ಕ್ಷಾಮದ ಕೂಲಿಗಳ ಕೈಯಿಂದ ಮೊದಲಾಯಿತು. ೧೮೮೨ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಎಲಿಯಟ್ಟನ ಏರ್ಪಾಡು ಎಷ್ಟು ಜನರನ್ನು ಉಳಿಸಿತು, ಆ ವರ್ಷ ಕೊನೆಗೆ ಬಿದ್ದ ಮಳೆ ಎಷ್ಟು ಜನರನ್ನು ಉಳಿಸಿತು ಎಂದು ಬೇರ್ಪಡಿಸುವುದು ಸುಲಭವಲ್ಲ. ಅದು ತಡವಾಗಿ ಬಂದಿತೆಂಬುದು ಮಾತ್ರ ನಿಶ್ಚಯ.

ಕ್ಷಾಮ ಮುಗಿದ ಮೇಲೆ ಎರಡು ಲೆಕ್ಕಗಳು ಉಳಿದುವು. ಒಂದು ಹಣದ ಲೆಕ್ಕ. ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿ ಬಂದಾಗ ಅದರೊಡನೆ ಕ್ಷಾಮಕ್ಕಾಗಿ ಮಾಡಿದ ೮೦ ಲಕ್ಷ ರೂಪಾಯಿಗಳ ಸಾಲವೂ ಬಂದಿತು. ದಿವಾನ್ ರಂಗಾಚಾರ್ಲು ಅವರ ಆಡಳಿತವು ಈ ಹೊರೆಯಡಿಯಲ್ಲಿಯೇ ಆರಂಭವಾಯಿತು. ಆ ಸಾಲದ ಒಂದೊಂದು ರೂಪಾಯಿಯೂ ದಾಖಲೆಯಲ್ಲಿದ್ದಿತು. ಇನ್ನೊಂದು ಜನರ ಲೆಕ್ಕ. ಅದು ಹೆಸರುಗಳಿಲ್ಲದೆ, ಎರಡು ಜನಗಣತಿಗಳ ನಡುವಣ ವ್ಯತ್ಯಾಸವಾಗಿ ಮಾತ್ರ ಉಳಿಯಿತು.

ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಮಾಡಲು ೧೮೭೮ರಲ್ಲಿ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಕಮಿಷನ್ ಏರ್ಪಟ್ಟಿತು. ಮೈಸೂರಿನಲ್ಲಿ ದುಡಿದ ಎಲಿಯಟ್ಟನು ಅದರ ಕಾರ್ಯದರ್ಶಿ. ಮುಂದೆ ದಿವಾನರಾಗಲಿದ್ದ ರಂಗಾಚಾರ್ಲು ಅವರೂ ಅದರ ಸದಸ್ಯರಲ್ಲಿ ಒಬ್ಬರು. ೧೮೮೦ರಲ್ಲಿ ಅದರ ವರದಿ ಬಂದಿತು; ಅದರ ಆಧಾರದ ಮೇಲೆ ೧೮೮೩ರಲ್ಲಿ ಕ್ಷಾಮಸಂಹಿತೆ ಸಿದ್ಧವಾಯಿತು; ಪ್ರಾಂತಗಳು ತಮ್ಮ ತಮ್ಮ ಸಂಹಿತೆಗಳನ್ನು ಬರೆದುಕೊಂಡುವು.

ಕಮಿಷನ್ ಕಂಡುಕೊಂಡ ಮಾರ್ಗವನ್ನು ನಾವು ಕೊಂಚ ಬಿಡಿಸಿ ನೋಡುವುದು ಒಳ್ಳೆಯದು. ಗಟ್ಟಿಗರಿಗೆ ಕೆಲಸವೇ ಪರೀಕ್ಷೆ: ಕೆಲಸಕ್ಕೆ ಬಂದವನಿಗೆ ಬೇರೆ ವಿಚಾರಣೆ ಬೇಡ, ಆದರೆ ಕೂಲಿಯು ಆರೋಗ್ಯವನ್ನು ಕಾಪಾಡುವಷ್ಟು ಇರಲೇಬೇಕು. ಹೀಗೆ ಮಾಡಿದರೆ ಬಾಗಿಲಲ್ಲಿ ನಿಂತು ಒಬ್ಬೊಬ್ಬನ ಬಡತನವನ್ನು ಅಳೆಯುವ ಗುಮಾಸ್ತನ ಅವಶ್ಯಕತೆಯೇ ಇಲ್ಲ. ದುಡಿಯಲಾರದವರಿಗೆ ಬೇರೆ ಏರ್ಪಾಡು: ಸೀಮೆಯನ್ನು ವೃತ್ತಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಪಟೇಲ ಶಾನುಭೋಗರು ಬರೆದ ಪಟ್ಟಿಯನ್ನು ಅವನು ಊರೂರಿಗೆ ಹೋಗಿ ನೋಡಬೇಕು. ಪಟ್ಟಿಯಲ್ಲಿರುವವರನ್ನು ಕಣ್ಣಾರೆ ಕಂಡು, ತಕ್ಕವರಲ್ಲದವರನ್ನು ತೆಗೆಯಬೇಕು. ಅಷ್ಟೇ ಅಲ್ಲದೆ, ಪಟ್ಟಿಗೆ ಸೇರದೆ ಉಳಿದ ಹಸಿದವರನ್ನು ಹುಡುಕಿ ಸೇರಿಸಬೇಕು. ಹಸಿದವನು ಕಚೇರಿಯನ್ನು ಹುಡುಕಿಕೊಂಡು ಬರಲೆಂದು ಕಾಯದೆ ಕಚೇರಿಯೇ ಹಸಿದವನನ್ನು ಹುಡುಕಿಕೊಂಡು ಹೋಗುವುದು, ತಪಾಸಣೆಯವನು ಎರಡು ಕಡೆಯ ತಪ್ಪುಗಳಿಗೂ ಉತ್ತರವಾದಿಯಾಗುವುದು, ಇವು ಆ ಸಂಹಿತೆಯ ಹೆಚ್ಚಿನ ಬೆಲೆಯ ವಿಧಿಗಳೆಂದು ನಾವು ತಿಳಿಯುತ್ತೇವೆ. ಆಚರಣೆಯಲ್ಲಿ ಲೋಪಗಳಾಗಲಿಲ್ಲವೆಂದಲ್ಲ; ೧೮೯೬-೯೭ ಮತ್ತು ೧೮೯೯-೧೯೦೦ರ ಕ್ಷಾಮಗಳ ತರುವಾಯ ಮತ್ತೆ ಎರಡು ಕಮಿಷನ್‌ಗಳು ಕೂರಬೇಕಾಯಿತು. ಆದರೂ ತಪ್ಪನ್ನು ಅಳೆಯುವ ಕೋಲಿಗೆ ಎರಡು ತುದಿಗಳಿರಬೇಕೆಂಬ ತತ್ತ್ವವು ಅಲ್ಲಿ ಬರೆದಿದ್ದಿತು.

ಬರೆದಿಟ್ಟ ಮಾತ್ರಕ್ಕೆ ಫಲವಿಲ್ಲವೆಂಬುದಕ್ಕೆ ೧೯೪೩ರ ಬಂಗಾಳವು ಸಾಕ್ಷಿ. ಸಂಹಿತೆಯು ಕಪಾಟಿನಲ್ಲಿದ್ದಿತು, ಆದರೆ ಅದರಂತೆ ಕ್ಷಾಮವನ್ನು ಸಾರಿದರೆ ಅನ್ನವಿಡುವ ಹೊಣೆ ಮೈಮೇಲೆ ಬರುವುದೆಂದು ಸರ್ಕಾರವು ಅದನ್ನು ಸಾರಲೇ ಇಲ್ಲ. ಸರ್ಕಾರವೇ ನೇಮಿಸಿದ ವಿಚಾರಣಾ ಕಮಿಷನ್ ಸತ್ತವರನ್ನು ಸುಮಾರು ಹದಿನೈದು ಲಕ್ಷವೆಂದು ಎಣಿಸಿತು. ಆಮೇಲಿನ ವಿದ್ವಾಂಸರ ಎಣಿಕೆಗಳು ಅದಕ್ಕಿಂತ ಬಹಳ ಮೇಲಕ್ಕೆ ಹೋಗುತ್ತವೆ.

ಇದು ಪರಾಧೀನ ದೇಶದ ಪಾಡು, ಸ್ವತಂತ್ರವಾದ ಸಿರಿವಂತ ದೇಶದಲ್ಲಿ ಹೀಗಾಗದು ಎಂದು ಕೇಳುವವರಲ್ಲಿ ಕೆಲವರಿಗೆ ಅನ್ನಿಸಬಹುದು. ಆದುದರಿಂದ ಅಮೆರಿಕದ ಒಂದು ನಿದರ್ಶನವನ್ನು ಕೊಟ್ಟು ಮುಗಿಸುತ್ತೇವೆ. ೧೯೩೫ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಆ ದೇಶವು ದಿಕ್ಕಿಲ್ಲದ ಮಕ್ಕಳ ಕುಟುಂಬಗಳಿಗೆ ಸಹಾಯಧನ ಕೊಡುವ ಶಾಸನವನ್ನು ಮಾಡಿತು. ೧೯೬೦ರ ಈಚೆಗೆ, ಅಪಾತ್ರರು ಹಣ ಪಡೆಯುತ್ತಿರುವರೆಂಬ ಕೂಗು ಎದ್ದಿತು. ಸೆನೆಟರ್ ರಾಬರ್ಟ್ ಬರ್ಡ್ ರಾಜಧಾನಿಯ ಪಟ್ಟಿಗಳನ್ನು ವಿಚಾರಣೆ ಮಾಡಿಸಿದರು. ೧೯೬೪ರಲ್ಲಿ ಕಾರ್ಖಾನೆಗಳಿಂದ ಒಂದು ಮಾತನ್ನು ಎರವಲು ತಂದು ‘ಗುಣನಿಯಂತ್ರಣ’ ಎಂಬ ಕ್ರಮವನ್ನು ಸಹಾಯದ ಕಚೇರಿಗಳಲ್ಲಿ ಸ್ಥಾಪಿಸಿದರು. ಕಾರ್ಖಾನೆಯಲ್ಲಿ ತಯಾರಾದ ಮೊಳೆಗಳಲ್ಲಿ ಹಿಡಿಯಷ್ಟನ್ನು ತೆಗೆದು ಪರೀಕ್ಷಿಸುವಂತೆ, ಸಹಾಯ ಪಡೆಯುವ ಕುಟುಂಬಗಳಲ್ಲಿ ಕೆಲವನ್ನು ಆರಿಸಿ, ಕಡತವನ್ನೂ ಮನೆಯನ್ನೂ ಮತ್ತೆ ತನಿಖೆ ಮಾಡಿ, ನೂರಕ್ಕೆ ಎಷ್ಟು ತಪ್ಪೆಂದು ಎಣಿಸುವುದು. ಉಪಾಯವೇನೋ ಒಳ್ಳೆಯದೇ.

ಆದರೆ ೧೯೭೩ರಲ್ಲಿ ಕೇಂದ್ರ ಸರ್ಕಾರವು ಇದಕ್ಕೆ ದಂಡವನ್ನು ಕಟ್ಟಿತು. ಅಪಾತ್ರರ ಪ್ರಮಾಣ ನೂರಕ್ಕೆ ೩ನ್ನು, ಹೆಚ್ಚು ಕೊಟ್ಟ ಪ್ರಸಂಗಗಳ ಪ್ರಮಾಣ ನೂರಕ್ಕೆ ೫ನ್ನು ಮೀರಿದರೆ ಆ ಸಂಸ್ಥಾನದ ಅನುದಾನ ಕಡಿತ. ಕಡಮೆ ಕೊಟ್ಟುದಕ್ಕೂ ತಕ್ಕವರನ್ನು ಹಿಂದಕ್ಕೆ ಕಳುಹಿಸಿದುದಕ್ಕೂ ಅಂತಹ ದಂಡವಿಲ್ಲ. ಈ ಮಿತಿಗಳಿಗೆ ಆಧಾರವಿಲ್ಲವೆಂದು ೧೯೭೬ರಲ್ಲಿ ನ್ಯಾಯಾಲಯವು ಅವನ್ನು ತಳ್ಳಿಹಾಕಿದರೂ ದಂಡದ ಕ್ರಮವು ಬೇರೆ ರೂಪದಲ್ಲಿ ಮುಂದುವರಿಯಿತು. ಮೇಜಿನ ಹಿಂದೆ ಕುಳಿತ ನೌಕರನು ಇದರಿಂದ ಕಲಿತ ಪಾಠವನ್ನು ಊಹಿಸುವುದು ಕಷ್ಟವಲ್ಲ. ಇನ್ನೊಂದು ಪ್ರಮಾಣಪತ್ರ, ಮತ್ತೊಂದು ರಸೀತಿ ಕೇಳಿದರೆ ಅವನಿಗೆ ಅಪಾಯವಿಲ್ಲ. ಕಾಗದವೊಂದು ಕಡಮೆಯಾಯಿತೆಂದು ಬಡ ತಾಯಿಯೊಬ್ಬಳನ್ನು ಹಿಂದಕ್ಕೆ ಕಳುಹಿಸಿದರೆ ಅವನ ಕಚೇರಿಯ ತಪ್ಪಿನ ಪ್ರಮಾಣವು ಏರುವುದಿಲ್ಲ. ೧೯೮೦ರ ದಶಕದಲ್ಲಿ ಅಲ್ಲಿಯ ವಿದ್ವಾಂಸರೇ ಇದನ್ನು ಎತ್ತಿ ತೋರಿದರು: ತಪ್ಪು ಕಡಮೆಯಾದಂತೆ ಕಂಡಿತು, ಆದರೆ ಅದರ ಒಂದು ಭಾಗವು ಲೆಕ್ಕಕ್ಕೆ ಸಿಕ್ಕದ ಕಡೆಗೆ ಸರಿದುಹೋಗಿದ್ದಿತು. ಟೆಂಪಲ್ಲನ ಹಾಜರಿ ಪಟ್ಟಿಯು ನೂರು ವರ್ಷಗಳ ತರುವಾಯ, ಕಡಲಾಚೆ, ಬೇರೆ ವೇಷದಲ್ಲಿ ಬಂದಂತಾಯಿತು.

ಈ ಎರಡು ಚರಿತ್ರೆಗಳಿಂದ ನಮಗೆ ತೋರುವುದು ಇಷ್ಟು. ಸಾರ್ವಜನಿಕರ ಹಣದಿಂದ ನಡೆಯುವ ಸಹಾಯಕ್ಕೆ ತನಿಖೆಯು ಅವಶ್ಯಕ. ಅದಿಲ್ಲದೆ ಬಡವನ ಪಾಲು ಬಲ್ಲಿದನಿಗಾಗುವುದು. ಆದರೆ ತನಿಖೆಯೂ ಒಂದು ತಕ್ಕಡಿ. ಅದಕ್ಕೆ ಎರಡು ತಟ್ಟೆಗಳಿರಬೇಕು. ಒಂದೇ ತಟ್ಟೆಯಲ್ಲಿ ತೂಗುವವನು ತಾನು ಇಳಿಸಿದ ಭಾರವೆಲ್ಲ ಮಾಯವಾಯಿತೆಂದು ನಂಬುತ್ತಾನೆ. ಅದು ಮಾಯವಾಗಿರುವುದಿಲ್ಲ, ಕಚೇರಿಯ ಹೊರಗೆ, ಹಳ್ಳಿಯ ಯಾವುದೋ ಜಗಲಿಯ ಮೇಲೆ ಹೋಗಿ ಕುಳಿತಿರುತ್ತದೆ. ಸಹಾಯದ ಕಚೇರಿಯೊಂದು ವರ್ಷದ ಕೊನೆಯಲ್ಲಿ ತನ್ನ ತಪ್ಪುಗಳ ಲೆಕ್ಕವನ್ನು ಮುಂದಿಟ್ಟಾಗ, ಅಪಾತ್ರರಿಗೆ ಎಷ್ಟು ಹೋಯಿತು ಎಂದು ಕೇಳುವವರು ಎಂದಿಗೂ ಇರುತ್ತಾರೆ. ಬಂದವರಲ್ಲಿ ಎಷ್ಟು ಮಂದಿ ಬರಿಗೈಯಲ್ಲಿ ಹಿಂದಿರುಗಿದರು, ಬರಬೇಕಾಗಿದ್ದವರಲ್ಲಿ ಎಷ್ಟು ಮಂದಿ ಬರಲೇ ಇಲ್ಲ ಎಂದು ಕೇಳುವ ಅಭ್ಯಾಸವನ್ನೂ ನಾವು ಬೆಳೆಸಿಕೊಳ್ಳಬೇಕು. ಧಾತು ಈಶ್ವರಗಳಲ್ಲಿ ಅಳಿದವರ ಋಣವನ್ನು ತೀರಿಸಲು ನಮ್ಮಿಂದಾಗುವುದು ಅಷ್ಟೇ.